ಅಮೆರಿಕದ ಸಾರ್ವಜನಿಕ ಕುಡಿಯುವ ನೀರಿನ ವ್ಯವಸ್ಥೆಗಳು: ಬದಲಾದ ವರದಿ ನಿಯಮಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ಸಣ್ಣ ಊರಿನ ನೀರು ಸರಬರಾಜು ನೋಡಿಕೊಳ್ಳುವವರಿಗೆ, ಸ್ವಂತ ಬೋರ್‌ವೆಲ್ ಇಟ್ಟುಕೊಂಡು ಮೋಟೆಲ್, ಶಾಲೆ, ಕ್ಯಾಂಪ್‌ಗ್ರೌಂಡ್ ನಡೆಸುವವರಿಗೆ ಬರುವ ಪ್ರಶ್ನೆಗಳು ಇಲ್ಲಿವೆ. ನೀರಿನ ಪರೀಕ್ಷೆಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಆದರೆ ತೊಂದರೆ ಎಷ್ಟೋ ಸಲ ಅದಕ್ಕೂ ಮುಂಚೆಯೇ ಶುರುವಾಗಿರುತ್ತದೆ. ಎಷ್ಟು ಬಾವಿ, ಎಷ್ಟು ಟ್ಯಾಂಕ್, ಎಷ್ಟು ಜನ ಅನ್ನುವ ಪಟ್ಟಿಯೇ ಹಳೆಯದಾಗಿರುತ್ತದೆ. ಅದಕ್ಕೇ ಇಲ್ಲಿ ಆ ಪಟ್ಟಿಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ನಮ್ಮದು ತೀರಾ ಸಣ್ಣ ಜಾಗ. ನಮಗೂ ಈ ನಿಯಮ ಬರುತ್ತದಾ?

ಕುಡಿಯಲು ನೀರು ಕೊಡುವ 15 ಸಂಪರ್ಕಗಳಿದ್ದರೆ, ಅಥವಾ ವರ್ಷದಲ್ಲಿ ಕನಿಷ್ಠ 60 ದಿನ ಸರಾಸರಿ 25 ಜನರಿಗೆ ನೀರು ಕೊಡುತ್ತಿದ್ದರೆ, ಕಾನೂನಿನ ಲೆಕ್ಕದಲ್ಲಿ ನಿಮ್ಮದು ಸಾರ್ವಜನಿಕ ನೀರಿನ ವ್ಯವಸ್ಥೆ. ಮಾಲೀಕರು ಸರ್ಕಾರವೋ ಖಾಸಗಿಯವರೋ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. 1974ರ ಸುರಕ್ಷಿತ ಕುಡಿಯುವ ನೀರಿನ ಕಾಯ್ದೆಯಿಂದ ಬಂದ ವ್ಯಾಖ್ಯಾನ ಇದು. ದೇಶದಲ್ಲಿ ಇಂಥ ವ್ಯವಸ್ಥೆಗಳು ಸುಮಾರು 1.5 ಲಕ್ಷ ಇವೆ. ಅವುಗಳಲ್ಲಿ ಬಹುಪಾಲು ಸಣ್ಣವೇ.

ಇವುಗಳಲ್ಲಿ ಮೂರು ಬಗೆ. ಜನ ವರ್ಷವಿಡೀ ವಾಸ ಮಾಡುವ ಜಾಗಕ್ಕೆ ನೀರು ಕೊಡುವುದು ಸಮುದಾಯ ವ್ಯವಸ್ಥೆ. ವಾಸ ಇಲ್ಲ, ಆದರೆ ಅದೇ ಜನ ವರ್ಷದಲ್ಲಿ ಆರು ತಿಂಗಳಿಗಿಂತ ಹೆಚ್ಚು ಬಂದು ಹೋಗುತ್ತಾರೆ, ಉದಾಹರಣೆಗೆ ಸ್ವಂತ ಬಾವಿಯಿರುವ ಶಾಲೆ ಅಥವಾ ಕಾರ್ಖಾನೆ. ಇದು ಎರಡನೆಯದು. ಜನ ಬದಲಾಗುತ್ತಲೇ ಇರುವ ಮೋಟೆಲ್, ಕ್ಯಾಂಪ್‌ಗ್ರೌಂಡ್, ಹೆದ್ದಾರಿ ವಿಶ್ರಾಂತಿ ತಾಣಗಳು ಮೂರನೆಯವು. ಯಾವ ಪರೀಕ್ಷೆ ಮಾಡಿಸಬೇಕು, ಏನನ್ನು ವರದಿ ಮಾಡಬೇಕು ಅನ್ನುವುದು ನಿಮ್ಮದು ಯಾವ ಬಗೆ ಅನ್ನುವುದರ ಮೇಲೆ ನಿಂತಿದೆ.

ಪೂರ್ತಿ ನೀರನ್ನು ನಗರದ ನಲ್ಲಿಯಿಂದಲೇ ಪಡೆದು, ಅದನ್ನು ಶುದ್ಧೀಕರಿಸದೆ, ಮಾರದೆ ಸುಮ್ನೆ ಹಂಚುವವರಿಗೆ ಸಾಮಾನ್ಯವಾಗಿ ವಿನಾಯಿತಿ ಇದೆ. ಆದರೆ ನೀವೇ ಒಂದು ಶುದ್ಧೀಕರಣ ಘಟಕ ಕೂರಿಸಿದರೆ ಮತ್ತೆ ನಿಯಮದೊಳಗೆ ಬರಬಹುದು. ಕೂರಿಸುವ ಮುಂಚೆ ಕೇಳಿಕೊಳ್ಳಿ.

ವರದಿ ಯಾರಿಗೆ? ಇಪಿಎಗಾ, ರಾಜ್ಯಕ್ಕಾ?

ಹೆಚ್ಚಿನವರಿಗೆ ರಾಜ್ಯಕ್ಕೇ. ಇಪಿಎ, ಅಂದರೆ ಕೇಂದ್ರದ ಪರಿಸರ ಸಂರಕ್ಷಣಾ ಏಜೆನ್ಸಿ, ಕನಿಷ್ಠ ನಿಯಮಗಳನ್ನು ಮಾಡುತ್ತದೆ. ಜಾರಿ ಮಾಡುವ ಅಧಿಕಾರವನ್ನು ರಾಜ್ಯಗಳು ವಹಿಸಿಕೊಂಡಿವೆ. ವ್ಯೋಮಿಂಗ್ ರಾಜ್ಯ ಮತ್ತು ವಾಷಿಂಗ್ಟನ್ ಡಿ.ಸಿ. ಮಾತ್ರ ಹೊರತು, ಅಲ್ಲಿ ಇಪಿಎಯೇ ನೇರವಾಗಿ ನೋಡಿಕೊಳ್ಳುತ್ತದೆ. ಬುಡಕಟ್ಟು ಪ್ರದೇಶಗಳ ಪೈಕಿ ನವಾಹೋ ನೇಷನ್‌ಗೆ ತನ್ನದೇ ಜಾರಿ ಅಧಿಕಾರವಿದೆ.

ರಾಜ್ಯದ ನಿಯಮ ಕೇಂದ್ರದ್ದಕ್ಕಿಂತ ಬಿಗಿಯಾಗಿರಬಹುದು, ಸಡಿಲವಾಗಿರುವಂತಿಲ್ಲ. ಇಲ್ಲಿ ಹೇಳುವ ಗಡುವುಗಳೆಲ್ಲ ಕೇಂದ್ರದವು. ನಿಮ್ಮ ರಾಜ್ಯದ ಗಡುವು ಇದಕ್ಕೂ ಮುಂಚೆಯೇ ಇರಬಹುದು.

'ಫೆಸಿಲಿಟಿ' ಅಂತ ಫಾರ್ಮಿನಲ್ಲಿ ಕೇಳುತ್ತಾರಲ್ಲ, ಅದು ಇಡೀ ವ್ಯವಸ್ಥೆಯಾ?

ಅಲ್ಲ. ಇಡೀ ವ್ಯವಸ್ಥೆಗೆ ಒಂಬತ್ತು ಅಕ್ಷರ-ಅಂಕಿಗಳ ಒಂದು ಗುರುತಿನ ಸಂಖ್ಯೆ ಇರುತ್ತದೆ. ಸಾಮಾನ್ಯವಾಗಿ ಮೊದಲು ರಾಜ್ಯದ ಎರಡಕ್ಷರ, ಆಮೇಲೆ ಏಳು ಅಂಕಿ. ಅದರ ಒಳಗಿನ ಒಂದೊಂದು ಭಾಗವೂ ಒಂದು ಫೆಸಿಲಿಟಿ: ಪ್ರತಿ ಬಾವಿ, ನದಿ ಅಥವಾ ಕೆರೆಯಿಂದ ನೀರೆತ್ತುವ ಜಾಗ, ಶುದ್ಧೀಕರಣ ಘಟಕ, ಟ್ಯಾಂಕ್, ಪಂಪ್‌ಹೌಸ್, ಕೊಳವೆ ಜಾಲ, ಇನ್ನೊಂದು ವ್ಯವಸ್ಥೆಯಿಂದ ನೀರು ಕೊಳ್ಳುವ ಜೋಡಣೆ. ಇವೆಲ್ಲಕ್ಕೂ ಬೇರೆ ಬೇರೆ ಸಂಖ್ಯೆ ಇರುತ್ತದೆ.

ಪ್ರತಿಯೊಂದಕ್ಕೂ ಕೆಲವು ವಿವರಗಳು ಬೇಕು. ಈಗ ಬಳಕೆಯಲ್ಲಿದೆಯಾ ಇಲ್ಲವಾ? ಕಾಯಂ ಆಗಿಯಾ, ಕೆಲವೇ ತಿಂಗಳಾ, ಬರೀ ತುರ್ತಿಗಾ? ಅಂತರ್ಜಲವಾ, ಮೇಲ್ಮೈ ನೀರಾ, ಅಥವಾ ಮೇಲ್ಮೈ ನೀರು ನೇರವಾಗಿ ಸೇರುವ ಅಂತರ್ಜಲವಾ? ಯಾವ ಶುದ್ಧೀಕರಣ, ಯಾತಕ್ಕಾಗಿ? ಒಂದು ಫೆಸಿಲಿಟಿಯ ನೀರು ಮುಂದೆ ಯಾವುದಕ್ಕೆ ಹೋಗುತ್ತದೆ ಅನ್ನುವುದೂ ಅಲ್ಲಿ ದಾಖಲಾಗಬೇಕು.

ಪರೀಕ್ಷೆ ಸರಿಯಾಗಿ ಮಾಡಿಸುತ್ತಿದ್ದೇವೆ. ಪಟ್ಟಿ ಸ್ವಲ್ಪ ಹಳೆಯದಾದರೆ ಏನಂತೆ?

ಇಲ್ಲೇ ಬಹಳ ಜನ ಸಿಕ್ಕಿಬೀಳುವುದು. ನೀವು ಯಾವ ಪರೀಕ್ಷೆ, ಎಲ್ಲಿ, ಎಷ್ಟು ಸಲ ಮಾಡಿಸಬೇಕು ಅನ್ನುವ ವೇಳಾಪಟ್ಟಿ ಹುಟ್ಟುವುದೇ ಈ ಪಟ್ಟಿಯಿಂದ. ಪಟ್ಟಿ ತಪ್ಪಾದರೆ ವೇಳಾಪಟ್ಟಿ ತಪ್ಪು. ಆಗ ನೀವು ಎಷ್ಟೇ ಶ್ರದ್ಧೆಯಿಂದ ಸ್ಯಾಂಪಲ್ ತೆಗೆದರೂ ದಾಖಲೆಯಲ್ಲಿ ಏನೋ ಬಾಕಿ ಉಳಿದೇ ಇರುತ್ತದೆ.

ಒಂದು ಉದಾಹರಣೆ ನೋಡಿ. ನಿಮಗೆ ಮೂರು ಬಾವಿ ಇತ್ತು, ಒಂದನ್ನು ನಿಲ್ಲಿಸಿ ಮೋಟಾರ್ ಕಳಚಿದಿರಿ. ರಾಜ್ಯಕ್ಕೆ ಹೇಳಲಿಲ್ಲ. ಒಂದು ತಿಂಗಳು ಊರಿನ ನಲ್ಲಿ ನೀರಿನಲ್ಲಿ ಕೋಲಿಫಾರ್ಮ್ ಬ್ಯಾಕ್ಟೀರಿಯಾ (ನೀರಿಗೆ ಕೊಳೆ ಸೇರಿರಬಹುದು ಅಂತ ಸೂಚಿಸುವಂಥದ್ದು) ಕಂಡಿತು. ವೈರಸ್ ಕೊಲ್ಲುವಷ್ಟು ಶುದ್ಧೀಕರಣ ಇಲ್ಲದ ಬಾವಿ ನೀರಿನ ವ್ಯವಸ್ಥೆಗಳು ಆಗ, 2006ರ ಅಂತರ್ಜಲ ನಿಯಮದ ಪ್ರಕಾರ, ಆ ಹೊತ್ತಿಗೆ ಬಳಕೆಯಲ್ಲಿದ್ದ ಬಾವಿಗಳ ನೀರನ್ನೂ 24 ಗಂಟೆಯೊಳಗೆ ಸ್ಯಾಂಪಲ್ ತೆಗೆಯಬೇಕು. ನೀವು ಎರಡು ಬಾವಿಯಿಂದ ತೆಗೆದು ಕಳಿಸಿದಿರಿ. ದಾಖಲೆಯಲ್ಲಿ ಮೂರು 'ಬಳಕೆಯಲ್ಲಿದೆ' ಅಂತಿದೆ. ಮೂರನೆಯದು ಬಂದಿಲ್ಲ ಅಂದರೆ ಉಲ್ಲಂಘನೆ. ಇಲ್ಲದ ಬಾವಿಯ ಸ್ಯಾಂಪಲ್ ಯಾಕೆ ಕೊಟ್ಟಿಲ್ಲ ಅಂತ ವಿವರಣೆ ಬರೆಯುತ್ತಾ ಕೂರಬೇಕು.

ಉಲ್ಟಾ ಆಗುವುದು ಇನ್ನೂ ಅಪಾಯ. ಹೊಸ ಬಾವಿಯನ್ನು ಜೋಡಿಸಿದ್ದೀರಿ, ಪಟ್ಟಿಗೆ ಸೇರಿಸಿಲ್ಲ. ಅದರ ನೀರಿನಲ್ಲಿ ನೈಟ್ರೇಟ್ ಎಷ್ಟಿದೆ ಅಂತ ಯಾರೂ ಕೇಳುವುದಿಲ್ಲ, ಯಾರಿಗೂ ಗೊತ್ತಾಗುವುದೂ ಇಲ್ಲ. ನೈಟ್ರೇಟ್ ಮಿತಿ, ನೈಟ್ರೋಜನ್ ಲೆಕ್ಕದಲ್ಲಿ, ಲೀಟರಿಗೆ 10 ಮಿಲಿಗ್ರಾಂ. ಅದು ದಾಟಿದರೆ ಪುಟ್ಟ ಕೂಸುಗಳಿಗೆ ಜೀವಕ್ಕೇ ಕುತ್ತು. ಅದಕ್ಕೇ ಜನ ಬಂದು ಹೋಗುವ ಮೋಟೆಲ್ ವ್ಯವಸ್ಥೆಗೂ ನೈಟ್ರೇಟ್ ಪರೀಕ್ಷೆ ಕಡ್ಡಾಯ.

ಜನಸಂಖ್ಯೆ ಅಂದಾಜು ಹಾಕಿದರೆ ಸಾಲದಾ?

ಅಂದಾಜೇ ಆಗಿರುತ್ತದೆ, ಆದರೆ ಹತ್ತು ವರ್ಷ ಹಿಂದಿನ ಅಂದಾಜು ಬೇಡ. ಸಮುದಾಯ ವ್ಯವಸ್ಥೆಯಲ್ಲಿ 1,000 ಜನರವರೆಗೆ ತಿಂಗಳಿಗೆ ಒಂದು ಕೋಲಿಫಾರ್ಮ್ ಸ್ಯಾಂಪಲ್ ಸಾಕು. 1,001ರಿಂದ 2,500ರವರೆಗೆ ಎರಡು, 3,300ರವರೆಗೆ ಮೂರು. ಹೊಸ ಬಡಾವಣೆಯೊಂದು ಬಂದು ನೀವು 1,000 ದಾಟಿದರೆ ಲೆಕ್ಕ ಬದಲಾಯಿತು. 3,300 ಮತ್ತು 10,000 ಇನ್ನೂ ದೊಡ್ಡ ಗೆರೆಗಳು. 3,300ಕ್ಕಿಂತ ಹೆಚ್ಚು ಜನರಿಗೆ ನೀರು ಕೊಡುವ ಸಮುದಾಯ ವ್ಯವಸ್ಥೆಗಳು 2018ರ ಕಾಯ್ದೆಯಂತೆ ಅಪಾಯದ ಮೌಲ್ಯಮಾಪನ ಮಾಡಿ ಇಪಿಎಗೆ ದೃಢೀಕರಣ ಕೊಡಬೇಕು. 10,000 ಮುಟ್ಟಿದರೆ ಗ್ರಾಹಕರ ವರದಿಯ ನಿಯಮವೂ ಬೇರೆ, ಅದು ಮುಂದೆ ಬರುತ್ತದೆ.

ಕ್ಯಾಂಪ್‌ಗ್ರೌಂಡ್‌ನವರು ಖಾಯಂ ಸಿಬ್ಬಂದಿ ಎಷ್ಟು, ಬಂದು ಹೋಗುವವರು ಎಷ್ಟು, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಅಂತ ಬೇರೆ ಬೇರೆ ಬರೆಯಿರಿ. ಚಳಿಗಾಲದಲ್ಲಿ ಮುಚ್ಚಿ ಮತ್ತೆ ತೆರೆಯುವವರು, ರಾಜ್ಯ ಒಪ್ಪಿದ ಕ್ರಮದಂತೆ ವ್ಯವಸ್ಥೆ ಶುರು ಮಾಡಿದ್ದೇವೆ ಅಂತ ಜನರಿಗೆ ನೀರು ಕೊಡುವ ಮುಂಚೆಯೇ ದೃಢೀಕರಿಸಬೇಕು.

ಹೊಸ ಬಾವಿ ಕೊರೆಸಿ, ಕೆಲಸ ಮುಗಿದ ಮೇಲೆ ತಿಳಿಸಿದರೆ ನಡೆಯುತ್ತದಾ?

ನಡೆಯುವುದಿಲ್ಲ. ಹೊಸ ವ್ಯವಸ್ಥೆ ಕಟ್ಟುವುದಾದರೂ, ಇರುವುದರ ಸಾಮರ್ಥ್ಯ ಹೆಚ್ಚಿಸುವುದಾದರೂ, ಹಣ ಕೊಡಲು ಒಪ್ಪಂದ ಮಾಡಿಕೊಳ್ಳುವ ಮುಂಚೆಯೇ ರಾಜ್ಯಕ್ಕೆ ತಿಳಿಸಬೇಕು ಅಂತ ಕೇಂದ್ರ ನಿಯಮವೇ ಹೇಳುತ್ತದೆ. ಇದರ ಮೇಲೆ ರಾಜ್ಯಗಳ ಪರವಾನಗಿ ಬೇರೆ.

ನೀರಿನ ಮೂಲ ಬದಲಿಸುವುದು, ಶುದ್ಧೀಕರಣದಲ್ಲಿ ದೊಡ್ಡ ಬದಲಾವಣೆ ಮಾಡುವುದು, ಇವೂ ಮೊದಲೇ ತಿಳಿಸಬೇಕಾದವು. ಯಾಕೆ ಅಂತ ಫ್ಲಿಂಟ್ ನಗರದ ಕಥೆ ಗೊತ್ತಿದ್ದವರಿಗೆ ಹೇಳಬೇಕಿಲ್ಲ. ಮಿಶಿಗನ್‌ನ ಫ್ಲಿಂಟ್‌ನಲ್ಲಿ 2014ರ ಏಪ್ರಿಲ್‌ನಲ್ಲಿ ಮೂಲವನ್ನು ಫ್ಲಿಂಟ್ ನದಿಗೆ ಬದಲಿಸಿದರು. ಪೈಪಿನ ಸವೆತ ತಡೆಯುವ ರಾಸಾಯನಿಕ ಹಾಕಲಿಲ್ಲ. ಹಳೆಯ ಪೈಪುಗಳಿಂದ ಸೀಸ ಕಳಚಿ ನಲ್ಲಿಗೆ ಬಂತು.

ಫಲಿತಾಂಶ ಕಳಿಸಲು ಎಷ್ಟು ದಿನ ಇದೆ?

ಸಾಮಾನ್ಯ ನಿಯಮ: ಫಲಿತಾಂಶ ಕೈಗೆ ಬಂದ ತಿಂಗಳು ಮುಗಿದು 10 ದಿನದೊಳಗೆ, ಅಥವಾ ಪರೀಕ್ಷಾ ಅವಧಿ ಮುಗಿದು 10 ದಿನದೊಳಗೆ. ಎರಡರಲ್ಲಿ ಯಾವುದು ಮೊದಲೋ ಅದು. ತಿಂಗಳ ಕಾರ್ಯಾಚರಣೆ ವರದಿಗೂ ಇದೇ 10ನೇ ತಾರೀಖು.

ಕೆಟ್ಟ ಸುದ್ದಿಗೆ ಇಷ್ಟು ಸಮಯ ಇಲ್ಲ. ಯಾವುದೇ ಮುಖ್ಯ ನಿಯಮ ಪಾಲಿಸಲು ಆಗದಿದ್ದರೆ, ಬೇರೆ ಗಡುವು ಹೇಳಿಲ್ಲದ ಕಡೆ, 48 ಗಂಟೆಯೊಳಗೆ ತಿಳಿಸಬೇಕು. ಇ-ಕೋಲಿ (ಮಲದಿಂದ ಬರುವ ಬ್ಯಾಕ್ಟೀರಿಯಾ) ಕಂಡರೆ ಗೊತ್ತಾದ ದಿನವೇ, ದಿನ ಮುಗಿಯುವುದರೊಳಗೆ. ಫಿಲ್ಟರ್ ಇರುವ ಮೇಲ್ಮೈ ನೀರಿನ ಘಟಕದಿಂದ ಹೊರಡುವ ನೀರಿನಲ್ಲಿ ಕ್ಲೋರಿನ್ ಲೀಟರಿಗೆ 0.2 ಮಿಲಿಗ್ರಾಂಗಿಂತ ಕೆಳಗಿಳಿದರೆ, ಮುಂದಿನ ಕೆಲಸದ ದಿನ ಮುಗಿಯುವ ಮುಂಚೆ.

ಜನರಿಗೆ ತಿಳಿಸುವ ಗಡುವುಗಳು ಇವಕ್ಕಿಂತ ಬೇರೆ. ತಕ್ಷಣದ ಅಪಾಯಕ್ಕೆ 24 ಗಂಟೆ, ಅದಕ್ಕಿಂತ ಕಡಿಮೆಯದಕ್ಕೆ 30 ದಿನ, ಉಳಿದದ್ದಕ್ಕೆ ಒಂದು ವರ್ಷ. ತಿಳಿಸಿದ ಮೇಲೆ 10 ದಿನದೊಳಗೆ ಆ ನೋಟಿಸಿನ ಪ್ರತಿ ಮತ್ತು ದೃಢೀಕರಣ ರಾಜ್ಯಕ್ಕೆ ಹೋಗಬೇಕು. ನೋಟಿಸ್ ಹಂಚಿದವರು ಮರೆಯುವುದು ಇದನ್ನೇ.

ಲ್ಯಾಬ್‌ನವರೇ ನೇರವಾಗಿ ರಾಜ್ಯಕ್ಕೆ ಕಳಿಸುತ್ತಾರೆ. ನಮ್ಮ ಕೆಲಸ ಮುಗಿಯಿತಲ್ವಾ?

ಖಾಸಗಿ ಲ್ಯಾಬ್ ಆದರೆ ಮುಗಿಯಲಿಲ್ಲ. ಕಳಿಸುವ ಕೈ ಲ್ಯಾಬಿನದು, ಜವಾಬ್ದಾರಿ ನಿಮ್ಮದು. ಲ್ಯಾಬ್ ತಡ ಮಾಡಿದರೆ ಉಲ್ಲಂಘನೆ ಬರುವುದು ನಿಮ್ಮ ಹೆಸರಿಗೆ. ರಾಜ್ಯದ್ದೇ ಲ್ಯಾಬ್ ಪರೀಕ್ಷೆ ಮಾಡಿ ರಾಜ್ಯಕ್ಕೆ ವರದಿ ಕೊಡುವ ಕಡೆ ಮಾತ್ರ ನೀವು ಮತ್ತೆ ಕಳಿಸಬೇಕಿಲ್ಲ.

ಲ್ಯಾಬ್ ಚೀಟಿಯಲ್ಲಿ ವ್ಯವಸ್ಥೆಯ ಸಂಖ್ಯೆ, ಫೆಸಿಲಿಟಿ ಸಂಖ್ಯೆ, ಸ್ಯಾಂಪಲ್ ಜಾಗದ ಸಂಖ್ಯೆ ಮೂರನ್ನೂ ನೀವೇ ಬರೆದು ಕೊಡಿ. ಒಂದು ಅಂಕಿ ಆಚೀಚೆ ಆದರೆ ಫಲಿತಾಂಶ ಬೇರೆ ಬಾವಿಯ ಲೆಕ್ಕಕ್ಕೆ ಹೋಗಿ ಕೂರುತ್ತದೆ, ಅಥವಾ ಕಂಪ್ಯೂಟರ್ ತಿರಸ್ಕರಿಸುತ್ತದೆ. ಆನ್‌ಲೈನ್‌ನಲ್ಲಿ ಕಳಿಸುವ ಕಡೆ 'ಸಲ್ಲಿಸಲಾಗಿದೆ' ಅಂತ ಬಂದರೆ ಸಾಲದು, 'ಸ್ವೀಕರಿಸಲಾಗಿದೆ' ಅಂತ ಬಂದಿದೆಯಾ ನೋಡಿ.

ನೀರು ಚೆನ್ನಾಗಿಯೇ ಇತ್ತು, ವರದಿ ಮಾತ್ರ ತಡವಾಯಿತು. ಇದೂ ಉಲ್ಲಂಘನೆಯಾ?

ಹೌದು. ಕೇಳಲು ಅನ್ಯಾಯ ಅನ್ನಿಸಬಹುದು. ಆದರೆ ರಾಜ್ಯದ ಮೇಜಿನ ಆಚೆ ಕೂತವರಿಗೆ ಬಾರದ ವರದಿ ಮತ್ತು ಮಾಡದ ಪರೀಕ್ಷೆ ಎರಡೂ ಒಂದೇ ಥರ ಕಾಣುತ್ತವೆ. ಪರೀಕ್ಷೆ-ವರದಿ ಉಲ್ಲಂಘನೆ ಹೆಚ್ಚಾಗಿ ಜನರಿಗೆ ತಿಳಿಸುವ ಮೂರು ದರ್ಜೆಗಳಲ್ಲಿ ಕೊನೆಯದು, ಒಂದು ವರ್ಷದೊಳಗೆ ಜನರಿಗೆ ತಿಳಿಸಿದರೆ ಸಾಕು. ಸಮುದಾಯ ವ್ಯವಸ್ಥೆಯಾದರೆ ವಾರ್ಷಿಕ ಗ್ರಾಹಕ ವರದಿಯಲ್ಲೂ ಅದನ್ನು ಹಾಕಬೇಕು.

ಅಂಕಿಗಳನ್ನು ತುಂಬುವಾಗ ಯಾವ ತಪ್ಪು ಜಾಸ್ತಿ?

ಅಳತೆಯ ಘಟಕ. ಆರ್ಸೆನಿಕ್ ಮಿತಿ ಲೀಟರಿಗೆ 0.010 ಮಿಲಿಗ್ರಾಂ. ಅದೇ 10 ಮೈಕ್ರೋಗ್ರಾಂ. ಲ್ಯಾಬ್ ಚೀಟಿಯಲ್ಲಿ 6 ಮೈಕ್ರೋಗ್ರಾಂ ಅಂತಿದ್ದು, ಮಿಲಿಗ್ರಾಂ ಕಾಲಮ್ಮಿನಲ್ಲಿ 6 ಅಂತ ಹಾಕಿದರೆ ಒಳ್ಳೆಯ ನೀರು ದಾಖಲೆಯಲ್ಲಿ ಮಿತಿಯ 600 ಪಟ್ಟು ಆಗಿಬಿಡುತ್ತದೆ. ಪಿಎಫ್‌ಎಎಸ್ (ಸುಲಭಕ್ಕೆ ನಾಶವಾಗದ ಫ್ಲೋರಿನ್ ರಾಸಾಯನಿಕಗಳ ಗುಂಪು) ಬಂದ ಮೇಲೆ ಇದು ಇನ್ನೂ ಕಷ್ಟ. ಅವನ್ನು ಅಳೆಯುವುದು ನ್ಯಾನೋಗ್ರಾಂನಲ್ಲಿ, ಅಂದರೆ ಮೈಕ್ರೋಗ್ರಾಂನ ಸಾವಿರದ ಒಂದು ಭಾಗ.

ಎರಡನೆಯದು 'ಸಿಗಲಿಲ್ಲ' ಅನ್ನುವ ಫಲಿತಾಂಶ. ಅದನ್ನು ಸೊನ್ನೆ ಅಂತ ಹಾಕಬೇಡಿ, ಖಾಲಿಯೂ ಬಿಡಬೇಡಿ. ಇಷ್ಟಕ್ಕಿಂತ ಕಡಿಮೆ ಅನ್ನುವ ಗುರುತಿನ ಜೊತೆ ಲ್ಯಾಬ್ ಕೊಟ್ಟ ಪತ್ತೆ ಮಿತಿ ಬರೆಯಿರಿ. ಮೂರನೆಯದು ತಾರೀಖು. ಸ್ಯಾಂಪಲ್ ತೆಗೆದ ದಿನ ಕೇಳಿದ ಕಡೆ ಲ್ಯಾಬ್‌ಗೆ ತಲುಪಿದ ದಿನ ಹಾಕುವವರು ಬಹಳ.

ಕಳಿಸಿದ ಮೇಲೆ ತಪ್ಪು ಕಂಡರೆ?

ಕೂಡಲೇ ರಾಜ್ಯಕ್ಕೆ ಬರೆದು ತಿಳಿಸಿ, ಲ್ಯಾಬಿನ ಮೂಲ ಚೀಟಿ ಲಗತ್ತಿಸಿ. ದಾಖಲೆಯ ತಪ್ಪಿನಿಂದ ಬಂದ ಉಲ್ಲಂಘನೆಯನ್ನು ರಾಜ್ಯ ಹಿಂದಕ್ಕೆ ತೆಗೆದುಕೊಳ್ಳಬಹುದು. ಆದರೆ ಕೆಟ್ಟ ಫಲಿತಾಂಶ ಇಷ್ಟವಾಗಲಿಲ್ಲ ಅಂತ ಇನ್ನೊಂದು ಸ್ಯಾಂಪಲ್ ತೆಗೆದು ಮೊದಲನೆಯದನ್ನು ಬಚ್ಚಿಡುವುದು ತಿದ್ದುಪಡಿ ಅಲ್ಲ. ಗೊತ್ತಿದ್ದೂ ಸುಳ್ಳು ಅಂಕಿ ಕೊಡುವುದು ಅಪರಾಧ, ಜೈಲಿನವರೆಗೂ ಹೋಗಬಹುದು.

ಸೀಸದ ಪೈಪುಗಳ ಪಟ್ಟಿ ಕೊಟ್ಟಾಯಿತು. ಮತ್ತೇನು ಬಾಕಿ?

ಬೇಕಾದಷ್ಟಿದೆ. ಸಮುದಾಯ ವ್ಯವಸ್ಥೆಗಳು ಮತ್ತು ಶಾಲೆ-ಕಾರ್ಖಾನೆ ಬಗೆಯವು, ಮುಖ್ಯ ಕೊಳವೆಯಿಂದ ಕಟ್ಟಡಕ್ಕೆ ಹೋಗುವ ಪ್ರತಿ ಪೈಪ್ ಯಾವುದರದ್ದು ಅಂತ ಮೊದಲ ಪಟ್ಟಿಯನ್ನು 2024ರ ಅಕ್ಟೋಬರ್ 16ರೊಳಗೆ ಕೊಡಬೇಕಿತ್ತು. ವರ್ಗ ನಾಲ್ಕು: ಸೀಸ, ಬದಲಿಸಬೇಕಾದ ಜಿಐ ಪೈಪ್, ಸೀಸ ಅಲ್ಲದ್ದು, ಗೊತ್ತಿಲ್ಲದ್ದು. ಜಿಐ ಪೈಪ್ ಯಾಕೆ ಅಂದರೆ, ಅದಕ್ಕಿಂತ ಮೇಲೆ ಎಂದಾದರೂ ಸೀಸದ ಪೈಪ್ ಇದ್ದಿದ್ದರೆ ಆ ಸೀಸ ಜಿಐ ಒಳಗಿನ ತುಕ್ಕಿನಲ್ಲಿ ಅಂಟಿಕೊಂಡಿರುತ್ತದೆ.

'ಗೊತ್ತಿಲ್ಲ' ಅಂತ ಬರೆದದ್ದು ಅಲ್ಲಿಗೆ ಮುಗಿಯುವುದಿಲ್ಲ. ಆ ಮನೆಯವರಿಗೆ ನೋಟಿಸ್ ಹೋಗಬೇಕು, ಪೈಪ್ ಯಾವುದು ಅಂತ ಪತ್ತೆ ಮಾಡುತ್ತಾ ಹೋಗಬೇಕು. 2024ರ ಅಕ್ಟೋಬರ್‌ನಲ್ಲಿ ಬಂದ ಸುಧಾರಿತ ಸೀಸ-ತಾಮ್ರ ನಿಯಮದ ಪ್ರಕಾರ ಪಾಲನೆಯ ದಿನ 2027ರ ನವೆಂಬರ್ 1. ಆ ಹೊತ್ತಿಗೆ ಪೈಪಿನ ಜೋಡಣೆ ತುಂಡುಗಳ ವಿವರವನ್ನೂ ಸೇರಿಸಿದ ಪಟ್ಟಿ ಸಿದ್ಧವಿರಬೇಕು. ಸೀಸದ ಪೈಪುಗಳನ್ನು ಸಾಮಾನ್ಯವಾಗಿ ಹತ್ತು ವರ್ಷದಲ್ಲಿ ತೆಗೆಯಬೇಕು. ನೀರಿನಲ್ಲಿ ಸೀಸ ಎಷ್ಟು ದಾಟಿದರೆ ಕ್ರಮ ಕೈಗೊಳ್ಳಬೇಕು ಅನ್ನುವ ಮಟ್ಟವೂ ಲೀಟರಿಗೆ 15 ಮೈಕ್ರೋಗ್ರಾಂನಿಂದ 10ಕ್ಕೆ ಇಳಿಯುತ್ತದೆ.

ಪಿಎಫ್‌ಎಎಸ್ ನಿಯಮ ಇದೆಯಾ, ಹೋಯಿತಾ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಗೊಂದಲ ಸಹಜ. 2024ರ ಏಪ್ರಿಲ್‌ನಲ್ಲಿ ಇಪಿಎ ಮೊದಲ ಬಾರಿಗೆ ಮಿತಿ ಹಾಕಿತು. ಈ ಗುಂಪಿನ ಪಿಎಫ್‌ಒಎ ಮತ್ತು ಪಿಎಫ್‌ಒಎಸ್‌ಗೆ ತಲಾ ಲೀಟರಿಗೆ 4.0 ನ್ಯಾನೋಗ್ರಾಂ. ಮೊದಲ ಸುತ್ತಿನ ಪರೀಕ್ಷೆಗೆ 2027, ಮಿತಿ ಪಾಲನೆಗೆ 2029 ಅಂತ ಗಡುವು ಇಟ್ಟಿತು. 2025ರ ಮೇನಲ್ಲಿ ಅದೇ ಇಪಿಎ, ಈ ಎರಡರ ಮಿತಿ ಉಳಿಸಿಕೊಂಡು ಪಾಲನೆಯನ್ನು 2031ಕ್ಕೆ ಮುಂದೂಡುವ, ಉಳಿದ ಕೆಲವು ಪಿಎಫ್‌ಎಎಸ್‌ಗಳ ಮಿತಿ ಕೈಬಿಡುವ ಉದ್ದೇಶ ಹೇಳಿತು.

ನನ್ನ ಸಲಹೆ: ಮಿತಿ ಪಾಲನೆಯ ಗಡುವಿನ ಚರ್ಚೆ ನೋಡಿ ಪರೀಕ್ಷೆಯನ್ನು ನಿಲ್ಲಿಸಬೇಡಿ. 2023ರಿಂದ 2025ರವರೆಗೆ ನಡೆದ ಐದನೇ ಸುತ್ತಿನ ರಾಷ್ಟ್ರೀಯ ಮಾಪನದಲ್ಲಿ 29 ಪಿಎಫ್‌ಎಎಸ್ ಮತ್ತು ಲಿಥಿಯಂ ಅಳೆದಿದ್ದಾರೆ. ನೀವು ಅದರಲ್ಲಿದ್ದರೆ ಆ ಫಲಿತಾಂಶವನ್ನು ಮೊದಲ ಸುತ್ತಿನ ಪರೀಕ್ಷೆಗೆ ಬಳಸಬಹುದಾ ಅಂತ ರಾಜ್ಯವನ್ನು ಕೇಳಿ. ಒಪ್ಪಿದರೆ ಖರ್ಚು ಉಳಿಯುತ್ತದೆ.

ರಾಜ್ಯಗಳು ಕೇಂದ್ರಕ್ಕೆ ಕೊಡುವ ವರದಿಯಲ್ಲಿ ಏನು ಬದಲಾಗಿದೆ? ಅದರಿಂದ ನಮಗೇನು?

ಮೊದಲಿಂದಲೂ ರಾಜ್ಯಗಳು ಮೂರು ತಿಂಗಳಿಗೊಮ್ಮೆ ಉಲ್ಲಂಘನೆಗಳು ಮತ್ತು ತೆಗೆದುಕೊಂಡ ಕ್ರಮಗಳನ್ನು ಇಪಿಎಗೆ ಕಳಿಸುತ್ತಿವೆ. ಫೆಸಿಲಿಟಿಗಳ ಪಟ್ಟಿಯೂ ಹೋಗುತ್ತದೆ. ಆದರೆ ಪರೀಕ್ಷೆಯ ಅಂಕಿಗಳು ಬಹುಮಟ್ಟಿಗೆ ರಾಜ್ಯದಲ್ಲೇ ಉಳಿಯುತ್ತಿದ್ದವು. ಅಂದರೆ ಮಿತಿಯ ಹತ್ತಿರ ತೂಗಾಡುವ ಊರು ಮತ್ತು ಶುದ್ಧವಾದ ನೀರಿನ ಊರು, ಎರಡೂ ಕೇಂದ್ರಕ್ಕೆ 'ಉಲ್ಲಂಘನೆ ಇಲ್ಲ' ಅಂತ ಮಾತ್ರ ಕಾಣುತ್ತಿದ್ದವು.

ಅದೂ ಪೂರ್ತಿ ಬರುತ್ತಿರಲಿಲ್ಲ. ಸರ್ಕಾರದ ಲೆಕ್ಕಪತ್ರ ಕಚೇರಿಯ 2011ರ ವರದಿ ನೋಡಿ. 2009ರಲ್ಲಿ ಇಪಿಎ 14 ರಾಜ್ಯಗಳಲ್ಲಿ ಲೆಕ್ಕ ಪರಿಶೀಲಿಸಿದಾಗ, ಸಮುದಾಯ ವ್ಯವಸ್ಥೆಗಳ ಆರೋಗ್ಯ ಸಂಬಂಧಿ ಉಲ್ಲಂಘನೆಗಳಲ್ಲಿ ಶೇ 26, ಪರೀಕ್ಷೆಗೆ ಸಂಬಂಧಿಸಿದವುಗಳಲ್ಲಿ ಶೇ 84 ಬಂದೇ ಇರಲಿಲ್ಲ ಅಥವಾ ತಪ್ಪಾಗಿ ಬಂದಿದ್ದವು.

2024ರ ಮೇನಲ್ಲಿ ಪ್ರಕಟವಾದ ನಿಯಮ ಇದನ್ನು ಬದಲಿಸಿದೆ. ಇನ್ನು ರಾಜ್ಯಗಳು ವರ್ಷಕ್ಕೊಮ್ಮೆ ಪರೀಕ್ಷೆಯ ಪೂರ್ತಿ ದತ್ತಾಂಶವನ್ನೇ ಇಪಿಎಗೆ ಕೊಡಬೇಕು. ನಿಮಗೆ ಇದರಿಂದ ನೇರವಾಗಿ ಹೊಸ ಫಾರ್ಮ್ ಬರದಿರಬಹುದು. ಆದರೆ ಇಷ್ಟು ದಿನ ರಾಜ್ಯದ ಸಿಬ್ಬಂದಿ ಫೋನ್ ಮಾಡಿ ಸರಿಪಡಿಸಿಕೊಳ್ಳುತ್ತಿದ್ದ ಬಾವಿ ಸಂಖ್ಯೆ, ಸ್ಯಾಂಪಲ್ ಜಾಗದ ಸಂಖ್ಯೆಗಳ ತಪ್ಪುಗಳು ಇನ್ನು ಮೇಲೆ ಕೇಂದ್ರದವರೆಗೂ ಹೋಗುತ್ತವೆ. ಪಟ್ಟಿ ತಾಳೆ ನೋಡಲು ರಾಜ್ಯದಿಂದ ಕಾಗದ ಬಂದರೆ ಬದಿಗಿಡಬೇಡಿ.

ಗ್ರಾಹಕರಿಗೆ ಕೊಡುವ ವಾರ್ಷಿಕ ವರದಿಯೂ ಬದಲಾಗಿದೆಯಂತೆ?

ಅದೇ 2024ರ ನಿಯಮದಲ್ಲಿ. ಸಮುದಾಯ ವ್ಯವಸ್ಥೆಗಳು ಪ್ರತಿ ವರ್ಷ ಜುಲೈ 1ರೊಳಗೆ ವರದಿ ಕೊಡುವುದು ಹಾಗೇ ಇದೆ. 2027ರಿಂದ, 10,000 ಅಥವಾ ಅದಕ್ಕಿಂತ ಹೆಚ್ಚು ಜನರಿಗೆ ನೀರು ಕೊಡುವವರು ವರ್ಷಕ್ಕೆ ಎರಡು ಸಲ ಕೊಡಬೇಕು. ಎರಡನೆಯದಕ್ಕೆ ಡಿಸೆಂಬರ್ 31 ಕೊನೆ.

ನಮ್ಮ ದಾಖಲೆ ಯಾರು ಬೇಕಾದರೂ ನೋಡಬಹುದಾ?

ಉಲ್ಲಂಘನೆಗಳನ್ನು ನೋಡಬಹುದು. ಇಪಿಎಯ 'ಎಕೋ' ಜಾಲತಾಣದಲ್ಲಿ ವ್ಯವಸ್ಥೆಯ ಹೆಸರು ಹಾಕಿದರೆ ಸಾಕು. ವರ್ಷಕ್ಕೊಮ್ಮೆ ನೀವೇ ನಿಮ್ಮ ಹೆಸರು ಹಾಕಿ ನೋಡಿ. ಜನಸಂಖ್ಯೆ ತಪ್ಪಿರುವುದು ಅಲ್ಲೇ ಮೊದಲು ಕಣ್ಣಿಗೆ ಬೀಳಬಹುದು.

ಎಲ್ಲ ಆನ್‌ಲೈನ್‌ನಲ್ಲಿ ಕೊಟ್ಟಾಗಿದೆ. ಹಳೆಯ ಕಾಗದ ಬಿಸಾಡಬಹುದಾ?

ಬೇಡ. ಬ್ಯಾಕ್ಟೀರಿಯಾ ಪರೀಕ್ಷೆಯ ದಾಖಲೆ ಕನಿಷ್ಠ 5 ವರ್ಷ, ರಾಸಾಯನಿಕ ಪರೀಕ್ಷೆಯದು 10 ವರ್ಷ ಇರಬೇಕು. ಉಲ್ಲಂಘನೆ ಸರಿಪಡಿಸಲು ಮಾಡಿದ ಕೆಲಸದ ದಾಖಲೆಯನ್ನು, ಕೊನೆಯ ಕ್ರಮದ ನಂತರ 3 ವರ್ಷ ಇಡಬೇಕು. ರಾಜ್ಯದವರು ಸ್ಥಳ ಪರಿಶೀಲನೆ ಮಾಡಿದ ವರದಿಗೆ 10 ವರ್ಷ. ಸೀಸ-ತಾಮ್ರದ ಕಡತಕ್ಕೆ ಎಲ್ಲಕ್ಕಿಂತ ಜಾಸ್ತಿ, 12 ವರ್ಷ. ಮುಚ್ಚಿದ ಬಾವಿಯ ದಾಖಲೆಗಳಿಗೂ ಆಯಾ ಬಗೆಗೆ ಮೇಲೆ ಹೇಳಿದ ಅವಧಿಗಳೇ. ಅದನ್ನು ಮುಚ್ಚಿದ ತಾರೀಖು ಮತ್ತು ರಾಜ್ಯಕ್ಕೆ ತಿಳಿಸಿದ ಪತ್ರದ ಪ್ರತಿ ಕಡತದ ಮೇಲೇ ಇರಲಿ.